ಲಿನಕ್ಸ್ ಕಲಿಯುವವನ ಪಾಡು

ಹೊಸ ವಿದ್ಯೆಯೊಂದನ್ನು ಕಲಿಯಲು ಹೊರಟವನಿಗೆ ಎದುರಾಗುವ ತೊಡಕುಗಳಲ್ಲಿ ಎರಡು ಬಗೆಯುಂಟು. ಒಂದು, ಆ ವಿದ್ಯೆಯ ಸ್ವಭಾವದಿಂದಲೇ ಹುಟ್ಟಿದ್ದು; ಇನ್ನೊಂದು, ಆ ವಿದ್ಯೆ ನಮ್ಮ ಕೈಸೇರಿದ ದಾರಿಯಿಂದ ಬಂದದ್ದು. ಈಜು ಕಲಿಯುವವನಿಗೆ ನೀರಿನ ಭಯವು ಮೊದಲನೆಯ ಬಗೆಯದು. ಕೆರೆಗೆ ಮೆಟ್ಟಿಲೇ ಇಲ್ಲದಿರುವುದು ಎರಡನೆಯದು. ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ತನ್ನ ಸ್ವಂತ ಲ್ಯಾಪ್‌ಟಾಪಿನಲ್ಲಿ ಹೂಡಿಕೊಳ್ಳುವವನು ಇವೆರಡನ್ನೂ ಒಟ್ಟಿಗೇ ಅನುಭವಿಸುತ್ತಾನೆ. ಯಾವುದು ಯಾವ ಬಗೆಯದೆಂದು ತಿಳಿಯದೆ ಬೇಸತ್ತು ಕೈಬಿಡುತ್ತಾನೆ. ಇವನ್ನು ಬಿಡಿಸಿ ತೋರಿಸುವುದೇ ಈ ಲೇಖನದ ಉದ್ದೇಶ. ನಾನು ಗಣಕಶಾಸ್ತ್ರದ ವಿದ್ಯಾರ್ಥಿಯಲ್ಲ. ಐಚ್ಛಿಕ ಕನ್ನಡ ಮತ್ತು ಇತಿಹಾಸವನ್ನು ಓದುವವನು. ಆದುದರಿಂದ ಇದನ್ನು ಪಂಡಿತನ ಮಾತೆಂದು ತಿಳಿಯದೆ, ಒಂದು ವರ್ಷ ಆ ದಾರಿ ನಡೆದವನ ಮಾತೆಂದು ವಾಚಕರು ಭಾವಿಸಬೇಕಾಗಿ ವಿನಂತಿ.

ಕಲಾ ವಿದ್ಯಾರ್ಥಿಗೆ ಈ ಗೊಡವೆ ಏಕೆಂದು ಯಾರಾದರೂ ಕೇಳಬಹುದು. ಉತ್ತರ ಬಹು ಸರಳ. ನಮ್ಮಲ್ಲಿ ಅನೇಕರ ಬಳಿ ಇರುವ ಲ್ಯಾಪ್‌ಟಾಪು ಮತ್ತೊಬ್ಬರು ಬಳಸಿ ಮಾರಿದ್ದು. ನಮ್ಮ ಮನೆಯಿರುವ ನಗರ್ತಪೇಟೆಯಿಂದ ನಾಲ್ಕು ಹೆಜ್ಜೆ ಹಾಕಿದರೆ ಸಾದರ್ ಪಾತ್ರಪ್ಪ ರಸ್ತೆ, ಎಸ್. ಪಿ. ರಸ್ತೆಯೆಂದರೆ ಊರಿಗೆಲ್ಲ ಗೊತ್ತು. ಬಿಡಿಭಾಗ, ಹಳೆಯ ಯಂತ್ರ, ರಿಪೇರಿ ಎಲ್ಲಕ್ಕೂ ಅದೇ ಸಂತೆ. ಅಲ್ಲಿಂದ ತಂದ ನನ್ನ ಯಂತ್ರಕ್ಕೆ ೪ ಜಿ.ಬಿ. ಸ್ಮರಣಶಕ್ತಿ. ಇಂತಹ ಯಂತ್ರಗಳು ನಡೆಯುತ್ತಿದ್ದುದು ವಿಂಡೋಸ್ ೧೦ ರ ಮೇಲೆ. ಅದಕ್ಕೆ ತಯಾರಕರ ಸಾಮಾನ್ಯ ಬೆಂಬಲವು ೨೦೨೫ನೆಯ ಅಕ್ಟೋಬರ್ ೧೪ ರಂದು ಕೊನೆಗೊಂಡಿತು. ಮುಂದಿನದಾದ ವಿಂಡೋಸ್ ೧೧ ಕ್ಕೆ ಟಿ.ಪಿ.ಎಂ. ೨.೦ ಎಂಬ ಭದ್ರತಾ ಅಂಗವೂ ಹೊಸ ಪೀಳಿಗೆಯ ಸಂಸ್ಕಾರಕವೂ ಬೇಕು. ಹಳೆಯ ಯಂತ್ರದಲ್ಲಿ ಅವಿಲ್ಲ. ಯಂತ್ರವೇನೋ ಗಟ್ಟಿಮುಟ್ಟಾಗಿದೆ, ಆದರೆ ಅದರ ಕಾಲ ಮುಗಿಯಿತೆಂದು ತೀರ್ಪಾಗಿದೆ. ಹೊಸದನ್ನು ಕೊಳ್ಳುವ ಶಕ್ತಿಯಿಲ್ಲದವನಿಗೆ ಉಳಿದ ದಾರಿಯೇ ಲಿನಕ್ಸ್.

ಈಗ ಲಿನಕ್ಸ್ ಎಂದರೇನೆಂಬುದನ್ನು ಸ್ವಲ್ಪ ನೋಡೋಣ. ೧೯೮೩ ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಎಂಬುವರು, ಯಾರು ಬೇಕಾದರೂ ಬಳಸಬಹುದಾದ, ಬಿಚ್ಚಿ ನೋಡಬಹುದಾದ, ತಿದ್ದಿ ಹಂಚಬಹುದಾದ ತಂತ್ರಾಂಶಗಳ ಒಂದು ಯೋಜನೆಯನ್ನು ಸಾರಿದರು. ಅದರ ಹೆಸರು ಗ್ನೂ. ಅದಕ್ಕೆ ಬೇಕಾಗಿದ್ದ ತಿರುಳು ಬಂದುದು ೧೯೯೧ ರಲ್ಲಿ. ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಲೀನುಸ್ ಟೋರ್ವಾಲ್ಡ್ಸ್ ಎಂಬ ತರುಣ ಅದನ್ನು ಬರೆದನು. ಆಗ ಅವನಿಗೆ ವಯಸ್ಸು ೨೧. ನಮ್ಮ ಅಂತಿಮ ವರ್ಷದ ಮಿತ್ರರ ವಯಸ್ಸೇ. ಈ ತಿರುಳಿಗೆ ಉಳಿದ ಉಪಕರಣಗಳನ್ನು ಸೇರಿಸಿ, ಬಳಸಲು ಸಿದ್ಧವಾದ ಕಟ್ಟಾಗಿ ಕೊಡುವುದನ್ನು ‘ವಿತರಣೆ’ ಎನ್ನುತ್ತಾರೆ. ೧೯೯೩ ರಲ್ಲಿ ಆರಂಭವಾದ ಡೆಬಿಯನ್, ೨೦೦೪ ರಲ್ಲಿ ಬಂದ ಉಬುಂಟು ಮೊದಲಾದುವು ಇಂತಹ ವಿತರಣೆಗಳು. ಕೈಯಲ್ಲಿನ ಆಂಡ್ರಾಯ್ಡ್ ಫೋನಿನ ಒಳಗಿರುವುದೂ ಲಿನಕ್ಸ್ ತಿರುಳೇ. ಜಗತ್ತಿನ ಅತ್ಯಂತ ವೇಗದ ೫೦೦ ಮಹಾಗಣಕಗಳ ಪಟ್ಟಿಯಲ್ಲಿ ೨೦೧೭ರ ನವೆಂಬರಿನಿಂದೀಚೆಗೆ ಎಲ್ಲವೂ ಲಿನಕ್ಸಿನವೇ.

ನಮ್ಮ ಊರಿಗೂ ಇದಕ್ಕೂ ನಂಟು ಇಂದಿನದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಇಂಜಿನಿಯರರೊಡಗೂಡಿ ಬಡವರಿಗೂ ಎಟುಕುವಂತೆ ರೂಪಿಸಿದ ‘ಸಿಂಪ್ಯೂಟರ್’ ಎಂಬ ಅಂಗೈ ಗಣಕವು ಲಿನಕ್ಸಿನ ಮೇಲೆಯೇ ನಡೆಯುತ್ತಿತ್ತು. ೨೦೦೧ ರಲ್ಲಿ ಬೆಂಗಳೂರಿನಲ್ಲಿ ಲಿನಕ್ಸ್ ಪ್ರೇಮಿಗಳ ಸಮ್ಮೇಳನವೊಂದು ಆರಂಭವಾಗಿ, ೨೦೦೫ ರಿಂದ ‘ಫಾಸ್ ಡಾಟ್ ಇನ್’ ಎಂಬ ಹೆಸರಿನಲ್ಲಿ ಕೆಲವು ವರ್ಷ ನಡೆಯಿತು. ಇಷ್ಟಾದರೂ ಕಲಾ ಕಾಲೇಜಿನ ಹುಡುಗನ ಮೇಜಿಗೆ ಅದು ಬರಲಿಲ್ಲವೆಂಬುದು ಆಲೋಚಿಸತಕ್ಕ ವಿಷಯ.

ಇನ್ನು ಪಾಡಿನ ಕಥೆ. ಮೊದಲನೆಯ ತೊಡಕು ವೈಫೈ. ವ್ಯವಸ್ಥೆಯನ್ನು ಹೂಡಿಯಾಯಿತು, ಪರದೆ ಬೆಳಗಿತು, ಬಣ್ಣಬಣ್ಣದ ಚಿತ್ರವೂ ಬಂದಿತು. ಆದರೆ ಜಾಲದ ಪಟ್ಟಿಯಲ್ಲಿ ಒಂದು ಹೆಸರೂ ಇಲ್ಲ. ಇದರ ಕಾರಣವನ್ನು ಹೀಗೆ ವಿವರಿಸಬಹುದು. ಯಂತ್ರದ ಒಳಗಿನ ಪ್ರತಿಯೊಂದು ಅಂಗವೂ ಒಂದು ಆನೆಯೆಂದುಕೊಂಡರೆ, ‘ಡ್ರೈವರ್’ ಎಂಬ ತಂತ್ರಾಂಶವೇ ಅದರ ಮಾವುತ. ಆನೆಯ ಭಾಷೆ ಮಾವುತನಿಗೆ ತಿಳಿದಿರಬೇಕು. ಕೆಲವು ತಯಾರಕರು ಆ ಭಾಷೆಯನ್ನು ಎಲ್ಲರಿಗೂ ತಿಳಿಸುತ್ತಾರೆ. ಕೆಲವರು ಗುಟ್ಟಾಗಿಟ್ಟುಕೊಂಡು ಒಂದೇ ವ್ಯವಸ್ಥೆಗೆ ಮಾವುತನನ್ನು ಕಳಿಸುತ್ತಾರೆ. ಅಂತಹ ಆನೆ ಲಿನಕ್ಸಿನ ಅಂಗಳಕ್ಕೆ ಬಂದಾಗ ಮಿಸುಕದೆ ನಿಲ್ಲುತ್ತದೆ. ಮಾವುತನನ್ನು ಅಂತರಜಾಲದಿಂದ ಕರೆಸಬಹುದು. ಆದರೆ ಅಂತರಜಾಲಕ್ಕೆ ಹೋಗಲು ಆ ಆನೆಯೇ ಏಳಬೇಕು! ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆಯ ಅರ್ಥ ನನಗೆ ಪೂರ್ಣವಾಗಿ ತಿಳಿದುದು ಆ ದಿನವೇ. ಪರಿಹಾರವೂ ಉಂಟು: ಮೊಬೈಲ್ ಫೋನನ್ನು ಯು.ಎಸ್.ಬಿ. ತಂತಿಯಿಂದ ಜೋಡಿಸಿ, ಅದರ ಜಾಲವನ್ನು ತಾತ್ಕಾಲಿಕವಾಗಿ ಹಂಚಿಕೊಂಡರೆ ಡ್ರೈವರನ್ನು ಇಳಿಸಿಕೊಳ್ಳಬಹುದು. ಈ ಒಂದು ವಾಕ್ಯ ತಿಳಿಯುವುದಕ್ಕೆ ನನಗೆ ಮೂರು ದಿನ ಹಿಡಿಯಿತು.

ಈ ಮೂರು ದಿನಗಳಲ್ಲಿ ಒಮ್ಮೆ ಯಂತ್ರವನ್ನು ಹೊತ್ತು ರಿಪೇರಿಯವರೊಬ್ಬರ ಬಳಿಗೆ ಹೋದೆ. ಅವರು ಪರದೆಯನ್ನು ನೋಡಿ, “ಏನಪ್ಪಾ, ಇದು ಬಿಟ್ಟಿ ಬಂದದ್ದು. ಕೆಟ್ಟರೆ ಯಾರನ್ನ ಕೇಳ್ತೀಯ? ವಿಂಡೋಸ್ ಹಾಕಿಸ್ಕೊಂಡು ಹೋಗು” ಎಂದರು. ಪುಗಸಟ್ಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎನ್ನುವ ಸ್ವಭಾವದಿಂದ ನಾನು ಇದಕ್ಕೆ ಬಿದ್ದೆನೆಂದು ಅವರು ತಿಳಿದಿರಬೇಕು. ಆದರೆ ಅವರ ಪ್ರಶ್ನೆ ನಗುವಂತಹುದಲ್ಲ. ಕೆಟ್ಟರೆ ಯಾರನ್ನು ಕೇಳುವುದು? ಹಣ ಕೊಟ್ಟು ಕೊಂಡ ವಸ್ತುವಿಗೆ ಅಂಗಡಿಯವನು ಜವಾಬ್ದಾರ. ಎಲ್ಲರೂ ಸೇರಿ ಕಟ್ಟಿದ ವಸ್ತುವಿಗೆ ಎಲ್ಲರೂ ಜವಾಬ್ದಾರರು. ಅಂದರೆ ಬಳಸುವವನೂ ಅವರಲ್ಲಿ ಒಬ್ಬ. ಊರಬಾವಿಯ ಹೂಳು ತೆಗೆಯುವ ದಿನ ನೀರು ಸೇದುವವರೆಲ್ಲ ಸೇರಬೇಕಾಗುತ್ತದಲ್ಲವೇ? ಹೊಸಬನಿಗೆ ಈ ಧರ್ಮ ಯಾರೂ ಹೇಳಿರುವುದಿಲ್ಲ. ಅವನ ಬೇಸರದ ಅರ್ಧ ಪಾಲು ಅಲ್ಲಿಯೇ ಹುಟ್ಟುತ್ತದೆ.

ಎರಡನೆಯ ತೊಡಕು ಟರ್ಮಿನಲ್, ಅಂದರೆ ಆಜ್ಞೆಗಳನ್ನು ಬರೆದು ಕೊಡುವ ಕಪ್ಪು ಕಿಟಕಿ. ಯಾವ ಪರಿಹಾರವನ್ನು ಹುಡುಕಿದರೂ ಅದು ಈ ಕಿಟಕಿಗೇ ತಂದು ನಿಲ್ಲಿಸುತ್ತದೆ. ಹಲವು ವಿತರಣೆಗಳಲ್ಲಿ ಇಲ್ಲಿ ಗುಪ್ತಪದವನ್ನು ಒತ್ತುವಾಗ ಪರದೆಯ ಮೇಲೆ ಒಂದು ಚುಕ್ಕೆಯೂ ಮೂಡದು. ಕೀಲಿಮಣೆಯೇ ಕೆಟ್ಟಿದೆಯೆಂದು ಯಾರಿಗಾದರೂ ಅನ್ನಿಸಬೇಕು. ಆದರೆ ಇದು ಕೆಡಕಲ್ಲ. ಪಕ್ಕದಲ್ಲಿ ನಿಂತವನಿಗೆ ಅಕ್ಷರಗಳ ಸಂಖ್ಯೆಯೂ ತಿಳಿಯಬಾರದೆಂದು ಯುನಿಕ್ಸ್ ಕಾಲದಿಂದ ಬಂದ ಪದ್ಧತಿ. ಕಡತದ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡ ಅಕ್ಷರ, ಚಿಕ್ಕ ಅಕ್ಷರ ಇಲ್ಲಿ ಬೇರೆ ಬೇರೆ. ಆ ಭೇದವೇ ಇಲ್ಲದ ಕನ್ನಡದ ಕೈಗೆ ಇದು ಸ್ವಲ್ಪ ಹೊರೆಯೇ ಸರಿ.

ಆದರೆ ಈ ಕಿಟಕಿಯಲ್ಲಿ ಒಂದು ದೊಡ್ಡ ಗುಣವೂ ಉಂಟು. ವಿಂಡೋಸಿನಲ್ಲಿ ಸಾಮಾನ್ಯವಾಗಿ ಒಂದೊಂದು ತಂತ್ರಾಂಶಕ್ಕೆ ಒಂದೊಂದು ಅಂಗಡಿಗೆ ಹೋಗಬೇಕು. ಲಿನಕ್ಸಿನಲ್ಲಿ ಪ್ರತಿಯೊಂದು ವಿತರಣೆಗೂ ಒಂದು ದೊಡ್ಡ ಮಂಡಿಯಿದೆ. ಒಂದು ಸಾಲಿನಲ್ಲಿ ಹೆಸರು ಬರೆದು ಕೇಳಿದರೆ ಆ ತಂತ್ರಾಂಶವೂ ಬರುತ್ತದೆ, ಅದು ನಂಬಿಕೊಂಡಿರುವ ಇತರ ಭಾಗಗಳೂ ತಾವಾಗಿಯೇ ಬರುತ್ತವೆ. ಒಬ್ಬಟ್ಟು ಬೇಕೆಂದರೆ ಬೇಳೆ, ಬೆಲ್ಲ, ಮೈದಾ ಎಲ್ಲವನ್ನೂ ಚೀಟಿಯಿಲ್ಲದೆ ಕಟ್ಟಿಕೊಡುವ ಅಂಗಡಿಯಂತೆ. ಇದನ್ನು ಬಲ್ಲವನಿಗೆ ಟರ್ಮಿನಲ್ ಶತ್ರುವಲ್ಲ. ಅರ್ಥ ತಿಳಿಯದ ಆಜ್ಞೆಯನ್ನು ಮಾತ್ರ, ಯಾರು ಹೇಳಿದರೂ ಸರಿ, ಒತ್ತಬಾರದು. ಮಂತ್ರವನ್ನು ತಪ್ಪಾಗಿ ಹೇಳಿದರೆ ಫಲವಿಲ್ಲ, ಆದರೆ ಇಲ್ಲಿ ತಪ್ಪಿದರೆ ಕಡತವೇ ಹೋದೀತು.

ಮೂರನೆಯದು ಗಡಿಯಾರದ ವಿನೋದ. ಒಂದೇ ಯಂತ್ರದಲ್ಲಿ ವಿಂಡೋಸನ್ನೂ ಲಿನಕ್ಸನ್ನೂ ಇಟ್ಟುಕೊಂಡವರಿಗೆ ಇದು ಪರಿಚಿತ. ಲಿನಕ್ಸಿನಲ್ಲಿ ಬೆಳಗಿನ ೧೦ ಗಂಟೆಯಾಗಿದ್ದರೆ ವಿಂಡೋಸು ಮುಂಜಾವದ ೪-೩೦ ಎನ್ನಬಹುದು. ಯಂತ್ರದೊಳಗಿನ ಗಡಿಯಾರವು ಜಾಗತಿಕ ಕಾಲವನ್ನು ಹೇಳುತ್ತದೆಂದು ಲಿನಕ್ಸ್ ನಂಬುತ್ತದೆ. ಸ್ಥಳೀಯ ಕಾಲವನ್ನು ಹೇಳುತ್ತದೆಂದು ವಿಂಡೋಸ್ ನಂಬುತ್ತದೆ. ನಮ್ಮ ದೇಶದ ಕಾಲಕ್ಕೂ ಜಾಗತಿಕ ಕಾಲಕ್ಕೂ ಇರುವ ಐದೂವರೆ ಗಂಟೆಯ ಅಂತರವೇ ಪರದೆಯ ಮೇಲೆ ಹೀಗೆ ಕಾಣುವುದು. ಒಂದು ಸಾಲಿನ ಆಜ್ಞೆಯಿಂದ ಇಬ್ಬರಿಗೂ ರಾಜಿಯಾಗುತ್ತದೆ. ಯಾರ ದೋಷವೂ ಅಲ್ಲದ ತೊಡಕುಗಳೂ ಇರುತ್ತವೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ನಾಲ್ಕನೆಯದೂ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವೂ ಆದುದು ಕನ್ನಡ. ನಮ್ಮಲ್ಲಿ ಹೆಚ್ಚಿನವರು ಬೆರಳಚ್ಚು ಕಲಿತುದು ‘ನುಡಿ’ ತಂತ್ರಾಂಶದಲ್ಲಿ. ಅದರ ಕೀಲಿಮಣೆಯ ಮೂಲ ಕೆ. ಪಿ. ರಾವ್ ಅವರ ವಿನ್ಯಾಸ. ‘ಕ’ಗೆ ‘ಕೆ’, ‘ಪ’ಗೆ ‘ಪಿ’ ಎಂಬಂತೆ ಉಚ್ಚಾರಣೆಯನ್ನು ಅನುಸರಿಸುವುದು. ಲಿನಕ್ಸಿನಲ್ಲಿ ಸುಮ್ಮನೆ ‘ಕನ್ನಡ’ವನ್ನು ಆರಿಸಿದರೆ ಸಾಮಾನ್ಯವಾಗಿ ಬರುವುದು ‘ಇನ್‌ಸ್ಕ್ರಿಪ್ಟ್’ ಎಂಬ ವಿನ್ಯಾಸ. ಭಾರತದ ಎಲ್ಲ ಲಿಪಿಗಳಿಗೂ ಸಮಾನವಾಗಿರಲೆಂದು ಅದನ್ನು ರಚಿಸಿದ್ದಾರೆ. ಅದರಲ್ಲಿ ‘ಪಿ’ ಒತ್ತಿದರೆ ‘ಜ’, ‘ಜೆ’ ಒತ್ತಿದರೆ ‘ರ’, ‘ಎಚ್’ ಒತ್ತಿದರೆ ‘ಪ’! ‘ಪಂಪ’ನ ಹೆಸರು ಬರೆಯಲು ಹೊರಟವನ ಅವಸ್ಥೆಯನ್ನು ಊಹಿಸಬಹುದು. ಆದರೆ ಅದೇ ಪಟ್ಟಿಯಲ್ಲಿ ಸ್ವಲ್ಪ ಕೆಳಗೆ ‘ಕಗಪ’ ಎಂಬ ವಿನ್ಯಾಸವೂ ಇದೆ. ಅದನ್ನು ಆರಿಸಿಕೊಂಡರೆ ಹಳೆಯ ಕೈ ಮತ್ತೆ ಓಡುತ್ತದೆ. ವ್ಯವಸ್ಥೆಯಲ್ಲಿ ಸೌಲಭ್ಯವಿಲ್ಲವೆಂದಲ್ಲ, ಅದು ಎಲ್ಲಿದೆಯೆಂದು ಕನ್ನಡದಲ್ಲಿ ಹೇಳುವವರು ಕಡಮೆ.

ಇದಕ್ಕಿಂತ ಗಹನವಾದ ಸಮಸ್ಯೆ ಹಳೆಯ ಕಡತಗಳದು. ನಮ್ಮ ಅಧ್ಯಾಪಕರೊಬ್ಬರು ಹಳಗನ್ನಡ ವ್ಯಾಕರಣದ ಮೇಲೆ ಹಲವು ವರ್ಷ ಶ್ರಮಿಸಿ ಬೆರಳಚ್ಚು ಮಾಡಿದ್ದ ಟಿಪ್ಪಣಿಗಳನ್ನು ವಿಶ್ವಾಸದಿಂದ ನನಗೆ ಕೊಟ್ಟರು. ತೆರೆದು ನೋಡಿದರೆ ಪರದೆಯ ತುಂಬ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಚಿತ್ರಾನ್ನ. ಇದಕ್ಕೆ ಕಾರಣ ಲಿನಕ್ಸ್ ಅಲ್ಲ. ಹಿಂದಿನ ಕನ್ನಡ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನದಲ್ಲಿಯೇ ಕನ್ನಡದ ಚಿತ್ರಗಳನ್ನು ಕೂರಿಸುತ್ತಿದ್ದುವು. ಕಡತದೊಳಗೆ ಇರುವುದು ಕನ್ನಡವಲ್ಲ, ಕನ್ನಡದ ವೇಷ. ಆ ಒಂದು ಅಕ್ಷರಶೈಲಿ ಯಂತ್ರದಲ್ಲಿದ್ದರೆ ಮಾತ್ರ ವೇಷ ನಿಲ್ಲುತ್ತದೆ. ಯೂನಿಕೋಡಿನಲ್ಲಿ ಹಾಗಲ್ಲ. ಜಗತ್ತಿನ ಲಿಪಿಗಳಿಗೆಲ್ಲ ಬೇರೆ ಬೇರೆ ಸ್ಥಾನ ಕೊಡುವ ಈ ಏರ್ಪಾಡಿನಲ್ಲಿ ಕನ್ನಡಕ್ಕೆ ೧೨೮ ಸ್ಥಾನಗಳ ಒಂದು ಕೇರಿಯೇ ಮೀಸಲು. ಅದರ ಮೊದಲ ಆವೃತ್ತಿ ಬಂದುದೂ ೧೯೯೧ ರಲ್ಲಿಯೇ, ಲಿನಕ್ಸ್ ಹುಟ್ಟಿದ ವರ್ಷ.

ಹಳೆಯ ಕಡತವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳನ್ನು ಕನ್ನಡಿಗರೇ ಬರೆದು, ಮೂಲವನ್ನೂ ತೆರೆದಿಟ್ಟು, ಉಚಿತವಾಗಿ ಹಂಚಿದ್ದಾರೆ. ಅಂತಹುದೊಂದರಿಂದ ಆ ಟಿಪ್ಪಣಿಗಳು ಓದುವಂತಾದುವು. ಒತ್ತಕ್ಷರ, ಅರ್ಕಾವೊತ್ತುಗಳಲ್ಲಿ ಉಳಿದ ದೋಷಗಳನ್ನು ಕೈಯಿಂದ ತಿದ್ದಿದೆ. ಪುಟಗಳನ್ನು ಮರಳಿ ಕೊಟ್ಟಾಗ ಅಧ್ಯಾಪಕರು, “ಇಷ್ಟು ವರ್ಷ ಇದು ಸುರಕ್ಷಿತವಾಗಿದೆಯೆಂದು ತಿಳಿದಿದ್ದೆನಲ್ಲಯ್ಯ!” ಎಂದರು. ಆ ಮಾತು ನನ್ನ ಮನಸ್ಸಿನಲ್ಲಿ ನಿಂತಿದೆ. ತಾಳೆಗರಿಯನ್ನು ಗೆದ್ದಲು ತಿನ್ನುವುದು ಕಣ್ಣಿಗೆ ಕಾಣುತ್ತದೆ. ಕಡತವು ಹೀಗೆ ಮೂಕವಾಗುವುದು ತೆರೆಯುವವರೆಗೂ ಕಾಣದು. ನಮ್ಮ ವಿಭಾಗಗಳಲ್ಲಿ, ಮನೆಗಳಲ್ಲಿ ಇಂತಹ ಎಷ್ಟು ಕಡತಗಳು ಮಲಗಿವೆಯೋ!

ಲಿನಕ್ಸಿನ ಕೊರತೆಗಳನ್ನು ಮರೆಮಾಚುವುದು ನನ್ನ ಉದ್ದೇಶವಲ್ಲ. ನಮ್ಮ ಪೇಟೆಯ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವ ನಮ್ಮ ತಂದೆಯವರು ಬಳಸುವ ಲೆಕ್ಕಪತ್ರದ ತಂತ್ರಾಂಶವು ಇದರಲ್ಲಿ ನೇರವಾಗಿ ನಡೆಯದು. “ನಿನ್ನ ಪೆಟ್ಟಿಗೆ ನಿನಗೆ, ನನ್ನದು ನನಗೆ ಮಗನೇ” ಎಂದು ಅವರು ಹೇಳಿದುದು ನ್ಯಾಯವಾಗಿಯೇ ಇದೆ. ಕಸುಬಿಗೆ ಬೇಕಾದ ಉಪಕರಣ ಇಲ್ಲದಲ್ಲಿ ತತ್ತ್ವ ಹೇಳಿ ಫಲವಿಲ್ಲ. ಆದರೆ ಬರೆಯುವುದು, ಓದುವುದು, ಪ್ರಬಂಧ ಸಿದ್ಧಪಡಿಸುವುದು, ಜಾಲದಲ್ಲಿ ಹುಡುಕುವುದು, ಇವಿಷ್ಟೇ ಬೇಕಾದ ನಮ್ಮಂತಹ ವಿದ್ಯಾರ್ಥಿಗಳಿಗೆ ‘ಲಿಬ್ರೆ ಆಫೀಸ್’ ಮೊದಲಾದ ಉಚಿತ ತಂತ್ರಾಂಶಗಳೇ ಧಾರಾಳವಾಗಿ ಸಾಕು.

ಕಡೆಯದಾಗಿ, ಹೊಸದಾಗಿ ಈ ದಾರಿಗೆ ಬರುವ ಮಿತ್ರರಿಗೆ ನಾಲ್ಕು ಮಾತು. ಮೊದಲು ನಿಮ್ಮ ಕಡತಗಳ ಪ್ರತಿಯೊಂದನ್ನು ಬೇರೆ ಕಡೆ ತೆಗೆದಿಡಿ. ಪೆನ್ ಡ್ರೈವಿನಿಂದಲೇ ಲಿನಕ್ಸನ್ನು ನಡೆಸಿ, ವೈಫೈ, ಧ್ವನಿ, ಪರದೆ ಎಲ್ಲವೂ ಸರಿಯಾಗಿವೆಯೇ ಎಂದು ನೋಡಿ; ಆಮೇಲೆ ಯಂತ್ರದಲ್ಲಿ ಹೂಡಿ. ಹೆಣ್ಣು ನೋಡದೆ ತಾಂಬೂಲ ಬದಲಾಯಿಸುವವರುಂಟೇ? ಬಹುಜನ ಬಳಸುವ ವಿತರಣೆಯನ್ನೇ ಆರಿಸಿ. ದಾರಿ ತಪ್ಪಿದಾಗ ಕೇಳಲು ಜನ ಸಿಗುತ್ತಾರೆ. ಕಂಡ ತೊಡಕನ್ನೂ ಸಿಕ್ಕ ಪರಿಹಾರವನ್ನೂ ಒಂದು ಪುಸ್ತಕದಲ್ಲಿ ಕನ್ನಡದಲ್ಲಿ ಬರೆದಿಡಿ.

ಈ ಕೊನೆಯ ಮಾತೇ ನನಗೆ ಮುಖ್ಯ. ಮೇಲೆ ಹೇಳಿದ ತೊಡಕುಗಳಲ್ಲಿ ವಿದ್ಯೆಯ ಸ್ವಭಾವದಿಂದ ಬಂದವು ಕೆಲವೇ. ಮೆಟ್ಟಿಲಿಲ್ಲದ ಕೆರೆಯ ತೊಡಕುಗಳೇ ಹೆಚ್ಚು. ಮೆಟ್ಟಿಲನ್ನು ಕಟ್ಟಲು ಇಂಜಿನಿಯರರೇ ಬೇಕೆಂದಿಲ್ಲ. ನಮ್ಮ ಕಾಲೇಜಿನಲ್ಲಿ ವಾರಕ್ಕೊಂದು ಸಂಜೆ, ಕನ್ನಡ ವಿಭಾಗದ ಆಶ್ರಯದಲ್ಲಿ ನಾಲ್ವರು ಕುಳಿತು ಒಬ್ಬರ ತೊಡಕನ್ನು ಇನ್ನೊಬ್ಬರು ಬಿಡಿಸುವಂತಾದರೆ, ಹಳೆಯ ಕಡತಗಳನ್ನು ಒಂದೊಂದಾಗಿ ಯೂನಿಕೋಡಿಗೆ ತಿರುಗಿಸುವಂತಾದರೆ, ಮುಂದಿನ ವರ್ಷ ಬರುವ ವಿದ್ಯಾರ್ಥಿಗೆ ನನ್ನ ಮೂರು ದಿನದ ಶ್ರಮ ಮೂರು ನಿಮಿಷದ ಮಾತಾಗುತ್ತದೆ. ಅಧ್ಯಾಪಕ ವರ್ಗದವರೂ ಸಹಪಾಠಿಗಳೂ ಈ ಸಲಹೆಯನ್ನು ಪರಿಶೀಲಿಸುವರೆಂದು ನಂಬಿದ್ದೇನೆ.