'ಏನಾದ್ರೂ ಬೇಕಿದ್ರೆ ಹೇಳು' ಅನ್ನಬೇಡಿ

ಗೆಳೆಯನಿಗೆ ಕ್ಯಾನ್ಸರ್ ಅಂತ ಗೊತ್ತಾದ ತಕ್ಷಣ ನಾವೆಲ್ಲ ಹೇಳೋ ಮಾತು ಒಂದೇ: 'ಏನಾದ್ರೂ ಬೇಕಿದ್ರೆ ಹೇಳು.' ಅವನು ಹೇಳಲ್ಲ ಸ್ವಾಮಿ. ಕೇಳೋದಕ್ಕೆ ಸಂಕೋಚ, ಯೋಚನೆ ಮಾಡೋದಕ್ಕೂ ಸುಸ್ತು.

ಹಾಗಾಗಿ ಕೆಲಸವನ್ನ ನೀವೇ ಆರಿಸಿಕೊಳ್ಳಿ. 'ಮಂಗಳವಾರ ಕೀಮೋಗೆ ನಾನೇ ಕರ್ಕೊಂಡು ಹೋಗ್ತೀನಿ', 'ಈ ವಾರ ಮಕ್ಕಳನ್ನ ಸ್ಕೂಲಿಗೆ ಬಿಡೋದು ನನ್ನ ಪಾಲು' ಅನ್ನಿ. ಬೀದರ್‌ನಿಂದ ಬೆಂಗಳೂರಿನ ಕಿದ್ವಾಯಿಗೆ ಬರೋ ಕುಟುಂಬಕ್ಕೆ ಉಳಿಯೋಕೆ ಒಂದು ರೂಮು, ಒಪಿಡಿ ಸಾಲಿನಲ್ಲಿ ಜೊತೆಗೆ ನಿಲ್ಲೋ ಒಬ್ಬ ಮನುಷ್ಯ ಸಿಕ್ಕಿದ್ರೆ ಅದೇ ದೊಡ್ಡ ಉಪಕಾರ.

ಇನ್ನೊಂದು ವಿಷಯ. ಕಾಯಿಲೆ ಅಂದ್ರೆ ಹಣ್ಣಿನ ಚೀಲ ಹಿಡಿದು ಮನೆಮಂದಿಯೆಲ್ಲ ನೋಡೋಕೆ ಹೊರಡ್ತೀವಿ. ಆದರೆ ಕೀಮೋ ಆದ ಮೇಲೆ ಸಾಮಾನ್ಯವಾಗಿ 7ರಿಂದ 14ನೇ ದಿನದ ಹೊತ್ತಿಗೆ ಬಿಳಿ ರಕ್ತಕಣ ತೀರಾ ಇಳಿದಿರುತ್ತೆ. ನಿಮ್ಮ ಸಣ್ಣ ನೆಗಡಿಯೇ ಅವನ ಜೀವಕ್ಕೆ ಕುತ್ತಾಗಬಹುದು. ಆ ದಿನಗಳಲ್ಲಿ ಫೋನ್ ಸಾಕು. ಜ್ವರ 100.4 ಡಿಗ್ರಿ ಮುಟ್ಟಿದ್ರೆ ಮಾತ್ರ ಮಾತ್ರೆ ನುಂಗಿ ಬೆಳಗಾಗಲಿ ಅಂತ ಕಾಯೋ ಹಾಗಿಲ್ಲ. ರಾತ್ರಿ 2 ಗಂಟೆಯಾದ್ರೂ ಆಸ್ಪತ್ರೆಗೆ ಹೊರಡಬೇಕು. ಆ ಗಾಡಿ ನಿಮ್ಮದಾಗಿರಲಿ.

ಕೊನೆಗೆ, ಯಾರೋ ಹೇಳಿದ ನಾಟಿ ಮದ್ದು, ಸತ್ತವರ ಕಥೆ ಬೇಡ. ಅವನು ಕ್ರಿಕೆಟ್ ಮಾತಾಡಿದ್ರೆ ನೀವೂ ಕ್ರಿಕೆಟ್ ಮಾತಾಡಿ.