ಮೈಕೈ ನೋವು ಅಂತಾರೆ, ನೋವಿರೋದು ಬೇರೆ ಕಡೆ

ಬೆಳಗಿನ ಹೊತ್ತು ಭದ್ರಾವತಿ ನ್ಯೂ ಟೌನಿನಲ್ಲಿ ಬಸ್ಸಿಗೆ ಕಾದವರು ನೋಡಿಯೇ ಇರುತ್ತೀರಿ. ಬುತ್ತಿಚೀಲ ಹಿಡಿದ ಹೆಂಗಸರು, ಹೆಗಲಿಗೆ ಟವೆಲ್ಲು ಹಾಕಿದ ಗಂಡಸರು. ಬಾರಂದೂರು, ಅಂತರಗಂಗೆ, ಹೊಳೆಹೊನ್ನೂರು ಕಡೆ ನಾಟಿಗೋ ಕಳೆ ಕೀಳೋದಕ್ಕೋ ಅಡಿಕೆ ಸುಲಿಯೋದಕ್ಕೋ ಹೊರಟವರು. ಇವರೇ ಸಂಜೆ ಮೆಡಿಕಲ್ ಶಾಪಿನ ಮುಂದೆ ನಿಂತು, "ಮೈಕೈ ನೋವು, ನಿದ್ದೆ ಇಲ್ಲ, ಎದೆ ಡವಡವ ಅಂತದೆ, ಏನಾದ್ರೂ ಮಾತ್ರೆ ಕೊಡಿ ಅಣ್ಣಾ" ಅನ್ನುತ್ತಾರೆ. ಮಾತ್ರೆ ಸಿಗುತ್ತದೆ. ನಾಲ್ಕು ದಿನ ಬಿಟ್ಟು ಮತ್ತೆ ಅದೇ ಮಾತು.

ರೈತರ ಆತ್ಮಹತ್ಯೆ ಅಂದರೆ ಪಹಣಿ ಇದ್ದವರದು ಅಂತಲೇ ನಮ್ಮ ಲೆಕ್ಕ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಲೆಕ್ಕ ಬೇರೆ. 2022ರಲ್ಲಿ ದೇಶದ ಕೃಷಿ ರಂಗದಲ್ಲಿ ಜೀವ ಕಳೆದುಕೊಂಡ 11,290 ಮಂದಿಯಲ್ಲಿ 6,083 ಜನ ಕೂಲಿಕಾರರು. ಬೆಳೆಗಾರರು 5,207. ಮಳೆ ಕೈಕೊಟ್ಟು ನಾಲೆಗೆ ನೀರು ಬರದಿದ್ದರೆ ನಾಟಿಯಿಲ್ಲ, ನಾಟಿಯಿಲ್ಲದಿದ್ದರೆ ಕೂಲಿಯಿಲ್ಲ. 2023ರ ಬರದಲ್ಲಿ ಕಂಡದ್ದೇ ಇದು. ಸಂಘದ ವಾರದ ಕಂತು ಮಾತ್ರ ಮಳೆ ನೋಡಿ ಬರುವುದಿಲ್ಲ.

ಮಾತಾಡಿದರೆ ಸಾಲ ತೀರುತ್ತದೆಯೇ ಸ್ವಾಮಿ, ಅಂತ ಕೇಳುವವರಿದ್ದಾರೆ. ತೀರುವುದಿಲ್ಲ. ಆದರೆ ಮನೋಚಿಕಿತ್ಸೆ ಅಂದರೆ ಬರೀ ಸಮಾಧಾನ ಹೇಳುವುದಲ್ಲ. ಎದುರು ಕೂತವರು ತಲೆಯೊಳಗಿನ ಗಂಟನ್ನು ಬಿಡಿಸಿಸುತ್ತಾರೆ. ಯಾವ ಕಂತು ಈ ವಾರದ್ದು, ಯಾವುದಕ್ಕೆ ವಾಯಿದೆ ಕೇಳಬಹುದು, ಯಾವುದು ನಮ್ಮ ಕೈಯಲ್ಲೇ ಇಲ್ಲ ಅಂತ ಬೇರೆ ಬೇರೆ ಮಾಡಿ, ಒಂದು ವಾರಕ್ಕೆ ಒಂದೇ ಸಣ್ಣ ಕೆಲಸ ಗೊತ್ತು ಮಾಡುತ್ತಾರೆ. ಮೂಲೆ ಹಿಡಿದವರನ್ನು ಸಂತೆಗೋ ನೆಂಟರ ಮನೆಗೋ ಹೋಗಿ ಬರುವಂತೆ ಮಾಡುತ್ತಾರೆ. ಅಗತ್ಯವಿದ್ದರೆ ಡಾಕ್ಟರು ಮಾತ್ರೆಯನ್ನೂ ಬರೆಯುತ್ತಾರೆ. ಗೋವಾದ ಆರೋಗ್ಯ ಕೇಂದ್ರಗಳಲ್ಲಿ ತೀವ್ರ ಖಿನ್ನತೆಯವರನ್ನು ತರಬೇತಿ ಪಡೆದ ಸ್ಥಳೀಯರೇ, ಡಾಕ್ಟರುಗಳಲ್ಲ, ಆರೆಂಟು ಸಲ ಹೀಗೆ ಕೂರಿಸಿಕೊಂಡು ಮಾತಾಡಿಸಿದರು. ಮೂರು ತಿಂಗಳಿಗೆ ನೂರಕ್ಕೆ 64 ಮಂದಿ ಚೇತರಿಸಿಕೊಂಡಿದ್ದರು. ಈ ಮಾತುಕತೆ ಸಿಗದವರಲ್ಲಿ 39. ಈ ವರದಿ 2017ರದು.

ಕಂತಿಗಾಗಿ ಮನೆ ಬಾಗಿಲಲ್ಲಿ ಪೀಡಿಸಬಾರದೆಂದು ರಾಜ್ಯ ಸರ್ಕಾರ 2025ರಲ್ಲಿ ಕಾನೂನನ್ನೇ ತಂದಿದೆ. ಎಷ್ಟೋ ಕೂಲಿಯವರಿಗೆ ಅದು ಗೊತ್ತಿಲ್ಲ. ಗೊತ್ತಾದರೆ ಅದೂ ಅರ್ಧ ಚಿಕಿತ್ಸೆಯೇ.

ನಮ್ಮ ಜಿಲ್ಲೆಗೆ ಇದು ಹೊಸ ಮಾತೂ ಅಲ್ಲ. ಮನಸ್ಸಿಗೂ ಡಾಕ್ಟರಿದ್ದಾರೆ ಎಂದು ಜನಕ್ಕೆ ಮುಟ್ಟಿಸಲು ಶಿವಮೊಗ್ಗೆಯ ಡಾ. ಅಶೋಕ್ ಪೈ 1988ರಲ್ಲಿ 'ಕಾಡಿನ ಬೆಂಕಿ' ಎಂಬ ಸಿನಿಮಾವನ್ನೇ ಮಾಡಿಸಿದ್ದರು. ಆದರೂ "ಹುಚ್ಚಾಸ್ಪತ್ರೆಗೆ ಹೋಗ್ತಾನಂತೆ" ಅನ್ನುವ ನಾಲಿಗೆಗಳು ಇನ್ನೂ ಸುಮ್ಮನಾಗಿಲ್ಲ. ಆ ಮಾತಿಗೆ ಹೆದರಿಯೇ ಎಷ್ಟೋ ಜನ ಮೆಡಿಕಲ್ ಶಾಪಿನ ಮೆಟ್ಟಿಲು ದಾಟುವುದಿಲ್ಲ.

2014ರಲ್ಲಿ ಬಂದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರನ್ನು ಕಾಣುವ ಏರ್ಪಾಡಾಯಿತು. ಒಂದು ದಿನದ ಕೂಲಿ ಬಿಟ್ಟು ಹೋಗುವವರು, ಡಾಕ್ಟರು ಬರುವ ವಾರವನ್ನು ಮೊದಲೇ ವಿಚಾರಿಸಿಕೊಂಡು ಹೋಗುವುದು ಮೇಲು. ಕೂಲಿ ಬಿಡಲಾಗದವರಿಗೆ 2022ರಲ್ಲಿ ಶುರುವಾದ ಟೆಲಿ-ಮಾನಸ್ ಇದೆ. ಫೋನ್ 14416. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು.

ಅಂಗಡಿಯವರೇ, ಉದ್ರಿ ಪುಸ್ತಕದಲ್ಲಿ ಯಾರ ಹೆಸರು ಬೆಳೆಯುತ್ತಿದೆ, ಯಾರು ಮುಖ ತಪ್ಪಿಸಿ ಓಡಾಡುತ್ತಿದ್ದಾರೆ ಅನ್ನೋದು ಮನೆಯವರಿಗಿಂತ ಮೊದಲು ನಿಮಗೆ ಗೊತ್ತಾಗುತ್ತದೆ. "ಯಾಕಪ್ಪಾ, ನಿದ್ದೆ ಬರ್ತಿಲ್ವಾ?" ಅಂತ ಒಂದು ಮಾತು ಕೇಳಿ. ಆ ಐದಂಕಿ ನಂಬರನ್ನು ಗಲ್ಲಾಪೆಟ್ಟಿಗೆ ಪಕ್ಕ, ಗಿರಾಕಿಗೆ ಕಾಣುವ ಹಾಗೆ ಬರೆದು ಅಂಟಿಸಿ.