ತವರಿನ ಕೌದಿ

ಹೆಣ್ಣನ್ನು ಗಂಡನ ಮನೆಗೆ ಕಳಿಸುವಾಗ ಜೊತೆಗೆ ಹೋಗುವ ಸಾಮಾನುಗಳನ್ನು ಕುರಿತು ನಮ್ಮ ಹೆಣ್ಣುಮಕ್ಕಳು ಎಷ್ಟೋ ಹಾಡು ಕಟ್ಟಿದ್ದಾರೆ. ಸಂಸಾರ ಮುರಿದ ಬಳಿಕ ಅದೇ ಸಾಮಾನು ಮರಳಿ ಬರುವ ದಾರಿಯನ್ನು ಕುರಿತು ಹಾಡಿದವರು ವಿರಳ. ಆದರೆ ಆ ದಾರಿಯನ್ನು ಕುರಿತು ಚಿಂತಿಸಿದ ಒಬ್ಬ ದೊಡ್ಡ ವಿದ್ವಾಂಸನು ನಮ್ಮ ನಾಡಿನಲ್ಲಿಯೇ ಇದ್ದನು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕಾಲದ ವಿಜ್ಞಾನೇಶ್ವರನೇ ಆತ.

ಯಾಜ್ಞವಲ್ಕ್ಯನು ಸ್ತ್ರೀಧನವನ್ನು ಎಣಿಸುತ್ತ, ತಂದೆ, ತಾಯಿ, ಗಂಡ, ಸಹೋದರರು ಕೊಟ್ಟದ್ದು, ಅಗ್ನಿಸಾಕ್ಷಿಯಾಗಿ ಬಂದದ್ದು ಎಂದೆಲ್ಲ ಹೇಳಿ, ಕೊನೆಗೆ 'ಮೊದಲಾದುದು' ಎಂಬರ್ಥದ 'ಆದ್ಯ' ಶಬ್ದವನ್ನಿಟ್ಟನು. ವಿಜ್ಞಾನೇಶ್ವರನು 'ಮಿತಾಕ್ಷರಾ' ವ್ಯಾಖ್ಯಾನದಲ್ಲಿ ಆ ಒಂದೇ ಶಬ್ದದ ಬಾಗಿಲನ್ನು ಅಗಲವಾಗಿ ತೆರೆದನು: ದಾಯವಾಗಿ ಬಂದದ್ದು, ಕೊಂಡದ್ದು, ಪಾಲಿಗೆ ಬಂದದ್ದು ಎಲ್ಲವೂ ಸ್ತ್ರೀಧನವೇ, ಆ ಶಬ್ದವು ಪಾರಿಭಾಷಿಕವಲ್ಲ, ಯೌಗಿಕ. ಬರಗಾಲ, ಧರ್ಮಕಾರ್ಯ, ರೋಗ, ಸೆರೆ, ಈ ಸಂಕಟಗಳಲ್ಲಿ ಗಂಡನು ಬಳಸಿದ್ದನ್ನು ಮರಳಿಸದಿರಬಹುದು; ಬೇರೆ ಕಾರಣಕ್ಕೆ ತೆಗೆದುಕೊಂಡದ್ದನ್ನು ಕೊಡಲೇಬೇಕು.

ಇಂದಿನ ಕಾನೂನು ಇನ್ನೂ ಮುಂದೆ ಹೋಗಿದೆ. ಗಂಡನ ವಶದಲ್ಲಿರುವ ಸ್ತ್ರೀಧನವು ನಂಬಿಕೆಯ ಒತ್ತೆ, ಮರಳಿಸದಿದ್ದರೆ ಅದು ನಂಬಿಕೆದ್ರೋಹದ ಅಪರಾಧವೆಂದು ಸರ್ವೋಚ್ಚ ನ್ಯಾಯಾಲಯವು 1985ರಲ್ಲಿ ತೀರ್ಪಿತ್ತಿತು. 1986ರ ಕಾಯಿದೆಯು ವಿಚ್ಛೇದಿತ ಮುಸ್ಲಿಮ್ ಮಹಿಳೆಗೆ ಮೆಹರಿನೊಡನೆ, ಮದುವೆಯ ಮುಂಚೆಯೂ ಆಮೇಲೆಯೂ ಬಂಧುಮಿತ್ರರು ಕೊಟ್ಟ ವಸ್ತುಗಳ ಹಕ್ಕನ್ನಿತ್ತಿತು. 2024ರಲ್ಲಿ ಕೇರಳದ ಮಹಿಳೆಯೊಬ್ಬರ 89 ಪವನು ಚಿನ್ನದ ಮೊಕದ್ದಮೆಯಲ್ಲಿ, ಗಂಡನು 25 ಲಕ್ಷ ರೂಪಾಯಿ ಕೊಡತಕ್ಕದ್ದೆಂದು ಅದೇ ನ್ಯಾಯಾಲಯವು ವಿಧಿಸಿತು.

ತರಗತಿಯಲ್ಲಿ ಇದನ್ನೆಲ್ಲ ಹೇಳುವುದು ಸುಲಭ. ದರ್ಗಾದಿಂದಲೂ ಶಿಶುನಾಳ ಶರೀಫರ ತಂದೆತಾಯಿಯ ಹರಕೆಯ ಕಥೆಯಿಂದಲೂ ವಾಚಕರಿಗೆ ಪರಿಚಿತವಾದ ಹುಲಗೂರಿನ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕೆಲವು ವರ್ಷಗಳ ಹಿಂದೆ ಗಂಡನಿಂದ ಬೇರೆಯಾದಳು. ಸಾಮಾನು ತರಲು ಹಿರಿಯರೊಡನೆ ನಾನೂ ಹೋದೆ. ಬೋರಮಾಳವನ್ನು ತೂಗಿದರು, ಹಂಡೆ, ಕೊಡಗಳನ್ನು ಎಣಿಸಿದರು, ಯಾದಿಯಲ್ಲಿ ಗುರುತು ಹಾಕಿದರು. ಆಗ ಹುಡುಗಿ ಮೆಲ್ಲನೆ ನುಡಿದಳು: "ಸರ, ನನ್ನ ಅಂಕಪಟ್ಟಿ ಬೇಕ್ರಿ. ನಮ್ಮ ಆಯಿ ಹೊಲದ ಕೌದಿನೂ ಬೇಕ್ರಿ. ಅವು ಯಾದ್ಯಾಗ ಇಲ್ರಿ."

"ಹರಕ ಅರಿವಿ ಸಲುವಾಗಿ ಯಾಕ ಹಟಾ, ತಂಗಿ?" ಎಂದರು ಹಿರಿಯರೊಬ್ಬರು.

ಅತ್ತೆ ಮಾತಿಲ್ಲದೆ ಒಳಗೆ ಹೋದಳು. ಒಗೆದು ಮಡಿಚಿಟ್ಟಿದ್ದ ಕೌದಿಯನ್ನೂ ಅದರ ಮೇಲೆ ಅಂಕಪಟ್ಟಿಗಳ ಚೀಲವನ್ನೂ ತಂದು ಸೊಸೆಯ ಕೈಗಿತ್ತಳು. ತವರಿನಿಂದ ಕೌದಿ ಹೊತ್ತು ಬಂದವಳು ಅವಳೂ ತಾನೆ!

ಅತ್ತೆ ಹಾಗೆ ಎದ್ದು ಹೋಗದಿದ್ದರೆ? ಆಗಲೂ ದಾರಿಯುಂಟು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯ ಮೇರೆಗೆ ಮ್ಯಾಜಿಸ್ಟ್ರೇಟರು ಸ್ತ್ರೀಧನವನ್ನು ಮಾತ್ರವಲ್ಲ, ಆಕೆಗೆ ಹಕ್ಕಿರುವ ಇತರ ಸ್ವತ್ತನ್ನೂ ಮರಳಿಸಲು ಆಜ್ಞಾಪಿಸಬಹುದು. ಮದುವೆಯಲ್ಲಿ ಬಂದ ಉಡುಗೊರೆಗಳ ಯಾದಿ ಬರೆದು ವಧೂವರರಿಬ್ಬರೂ ಸಹಿ ಮಾಡಬೇಕೆಂಬ ನಿಯಮವೂ 1985ರಿಂದ ಇದೆ, ಪಾಲಿಸುವವರು ಕಡಿಮೆ. ಪಾಲಿಸುವವರಾದರೂ ಬಂಗಾರದ ಕೆಳಗೆ ಕೌದಿಯನ್ನೂ ಬರೆಯಲಿ. ನ್ಯಾಯ ಹೇಳಲು ಕುಳಿತ ಹಿರಿಯರು 'ಇದರ ಬೆಲೆಯೆಷ್ಟು?' ಎನ್ನುವ ಮೊದಲು 'ತಂಗಿ, ಇದರಲ್ಲಿ ನಿನ್ನದು ಯಾವುದು?' ಎಂದು ಕೇಳಲಿ. ವಿಜ್ಞಾನೇಶ್ವರನ 'ಆದ್ಯ'ದಲ್ಲಿ ಕೌದಿಗೂ ಸ್ಥಳವುಂಟು.